ವಿಶಾಲಾಕ್ಷಿ ಮಿಸ್ ಕೊಯಮತ್ತೂರಿಗೆ ಹೊರಟ ಚಳಿಗಾಲ

ಕೋವಿಡ್ ಕಾಲದ ಮಾಸ್ಕುಗಳು ಜನರ ಮುಖದಿಂದ ಇಳಿದ ಮೇಲಿನ ಎರಡನೆಯ ಚಳಿಗಾಲ ಅದು. ಆಗ ನಾನು ದೊಡ್ಡಬಳ್ಳಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಫಿಸಿಯೋಥೆರಪಿಸ್ಟ್ ಆಗಿದ್ದೆ. ವೃತ್ತಿಗೆ ಬಂದು ಇಪ್ಪತ್ತೇಳು ವರ್ಷವಾಗಿತ್ತು. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆವರೆಗೆ ಹೊರರೋಗಿಗಳ ವಿಭಾಗ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಸೊಂಟ ಹಿಡಿದುಕೊಂಡು ಬರುವವರು, ಮಗ್ಗದ ಮುಂದೆ ನಿಂತು ನಿಂತು ಕಾಲು ಊದಿಸಿಕೊಂಡವರು, ಬೈಕಿನಿಂದ ಬಿದ್ದು ಭುಜ ಎತ್ತಲಾಗದವರು. ಅವರೆಲ್ಲ ಮುಗಿದ ಮೇಲೆ ಸ್ಕೂಟರ್ ಹತ್ತಿ, ಆಸ್ಪತ್ರೆಗೆ ಬರಲಾಗದವರನ್ನು ಅವರ ಮನೆಗಳಲ್ಲೇ ನೋಡಲು ಹೋಗುತ್ತಿದ್ದೆ.

ಅಷ್ಟು ವರ್ಷಗಳಲ್ಲಿ ನಾನು ಬರೆದ ರಿಪೋರ್ಟುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದೇ ಒಂದನ್ನು ತಿಳಿದೂ ತಿಳಿದೂ ಓರೆಯಾಗಿ ಬರೆಯಲು ಹೊರಟಿದ್ದೆ. ಅದು ವಿಶಾಲಾಕ್ಷಿ ಮಿಸ್ ಅವರ ರಿಪೋರ್ಟು.

ಮಿಸ್ ನಮ್ಮೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವರು. ಮದುವೆಯಾಗಲಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಖೋಖೋ ಆಡಿಸುತ್ತಿದ್ದ ಅವರ ದನಿ ಶಾಲೆಯ ಕಾಂಪೌಂಡು ದಾಟಿ ಬಸ್ ನಿಲ್ದಾಣಕ್ಕೆ ಕೇಳುತ್ತಿತ್ತು. ಹತ್ತನೆಯ ತರಗತಿಯಲ್ಲಿ ನಾನು ಆಡುವಾಗ ಬಿದ್ದು ಮೊಣಕಾಲಿನ ಒಳಗೆ ಏನೋ ಹರಿದುಕೊಂಡಿತು. ಎಣ್ಣೆ ಹಚ್ಚಿದರೆ ಸರಿಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ಸುಮ್ಮನಾದರು. ಮಿಸ್ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಕರೆದೊಯ್ದರು. ಫಿಸಿಯೋಥೆರಪಿ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಮೂರು ತಿಂಗಳು, ವಾರಕ್ಕೊಮ್ಮೆ, ತಮ್ಮ ರಜೆಯನ್ನು ಖರ್ಚು ಮಾಡಿ ಅವರೇ ಕರೆದುಕೊಂಡು ಹೋದರು. ಮುಂದೆ ನಾನು ಅದನ್ನೇ ಓದುತ್ತೇನೆಂದಾಗ ಒಪ್ಪದ ನಮ್ಮಪ್ಪನನ್ನು ಒಪ್ಪಿಸಿದವರೂ ಅವರೇ. ನನಗೆ ತಾಯಿಯಿಲ್ಲ. ಆ ಜಾಗದಲ್ಲಿ ಯಾರಾದರೂ ಇದ್ದರೆ ಅದು ಮಿಸ್.

ನಿವೃತ್ತಿಯಾದ ಕೆಲವು ವರ್ಷಗಳ ನಂತರ ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಬಂತು. ವಯಸ್ಸಾದವರ ಮಾಮೂಲಿ ಕೀಲುಸವೆತ ಇದಲ್ಲ. ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೆಯೇ ಬೀಳುವ ಕಾಯಿಲೆ. ಬೆರಳುಗಳು ಊದಿಕೊಂಡು ನಿಧಾನವಾಗಿ ವಾರೆಯಾಗುತ್ತವೆ. ಅದರ ಇನ್ನೊಂದು ಲಕ್ಷಣವನ್ನು ನಾವು ಮಾರ್ನಿಂಗ್ ಸ್ಟಿಫ್‌ನೆಸ್ ಎನ್ನುತ್ತೇವೆ. ಬೆಳಿಗ್ಗೆ ಎದ್ದಾಗ ಕೀಲುಗಳೆಲ್ಲ ಬಿಗಿದುಕೊಂಡಿರುತ್ತವೆ, ಆಮೇಲೆ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತವೆ. ಎಷ್ಟು ಹೊತ್ತಿಗೆ ಸಡಿಲವಾಗುತ್ತವೆ ಎಂಬುದರ ಮೇಲೆ ಕಾಯಿಲೆಯ ತೀವ್ರತೆ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಭೇಟಿಯಲ್ಲೂ ನಾನು ಕೇಳುತ್ತಿದ್ದೆ. ಮಿಸ್ ಪ್ರತಿ ಸಲವೂ ಹೇಳುತ್ತಿದ್ದುದು ಒಂದೇ ಉತ್ತರ: "ಹತ್ತು ನಿಮಿಷ ಕಣೇ, ಅಷ್ಟೆ." ನಾನು ಫೈಲಿನಲ್ಲಿ ಹತ್ತು ನಿಮಿಷ ಎಂದು ಬರೆದುಕೊಳ್ಳುತ್ತಿದ್ದೆ.

ನಾನು ಹೋಗುತ್ತಿದ್ದುದು ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಮಿಸ್ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು, ತಲೆ ಬಾಚಿ, ವರಾಂಡದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿರುತ್ತಿದ್ದರು. ಮುಂದಿನ ಕೋಣೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಅದು ನೂರ್‌ಜಾನಕ್ಕ.

ನೂರ್‌ಜಾನಕ್ಕ ಮಿಸ್‌ಗಿಂತ ಏಳು ವರ್ಷ ಚಿಕ್ಕವರು. ಗಂಡ ತೀರಿಕೊಂಡ ವರ್ಷ ಟೈಲರ್ ಅಂಗಡಿಗೆ ಜಾಗ ಹುಡುಕಿಕೊಂಡು ಬಂದವರಿಗೆ ಮಿಸ್ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ನೂರ್‌ಜಾನಕ್ಕನ ಮಗಳು ಮದುವೆಯಾಗಿ ಹೊಸಕೋಟೆಗೆ ಹೋದ ಮೇಲೆ ಮಹಡಿಯ ಮನೆಯನ್ನೂ ಕೊಟ್ಟರು. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಸೂರಿನಡಿ ಇದ್ದರು. ಅಡುಗೆಮನೆ ಎರಡು, ಕಾಫಿ ಮಾತ್ರ ಒಂದು. ಮಿಸ್ ಅವರನ್ನು 'ನೂರಿ' ಎನ್ನುತ್ತಿದ್ದರು. ಅವರು ಮಿಸ್ ಅವರನ್ನು 'ಆಪಾ', ಅಂದರೆ ಅಕ್ಕ, ಎನ್ನುತ್ತಿದ್ದರು. ದಿನವಿಡೀ ಜಗಳ. ಟಿ.ವಿ. ಸದ್ದಿಗೆ, ಗೇಟು ಹಾಕದಿದ್ದುದಕ್ಕೆ, ಕಾಫಿಗೆ ಸಕ್ಕರೆ ಹೆಚ್ಚಾದುದಕ್ಕೆ. ಒಮ್ಮೆ ನೂರ್‌ಜಾನಕ್ಕ ಮಿಸ್‌ನ ರವಿಕೆಗಳಿಗೆಲ್ಲ ಹುಕ್ಕಿನ ಬದಲು ವೆಲ್ಕ್ರೋ ಪಟ್ಟಿ ಹೊಲಿದುಕೊಟ್ಟಿದ್ದರು. "ಎಲ್‌ಕೆಜಿ ಮಕ್ಕಳ ಶೂ ಥರ ಇದೆ, ಬಿಚ್ಚಿ ಹಾಕು" ಎಂದು ಮಿಸ್ ವಾಪಸ್ ಕೊಟ್ಟರು. ನಾನು ಕಾಫಿ ಕುಡಿಯುತ್ತ ನಕ್ಕಿದ್ದೆ. ಆ ವೆಲ್ಕ್ರೋ ಯಾಕೆ ಬೇಕಾಯಿತು ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಆ ವರ್ಷದ ಜನವರಿಯಲ್ಲಿ ಮಿಸ್ ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆ ಕೊಯಮತ್ತೂರಿಗೆ ಹೋಗಿ ಐದು ದಿನ ಇದ್ದು ಬಂದಿದ್ದರು. ಬಂದವರು ಬೆರಳುಗಳನ್ನು ಮಡಿಸಿ ಬಿಡಿಸಿ ತೋರಿಸಿದರು. "ಅಲ್ಲಿ ಬೆಳಿಗ್ಗೆ ಎದ್ರೆ ಚಳೀನೇ ಇಲ್ಲ ಕಣೇ. ನಾಲ್ಕನೇ ದಿನ ಕೈಯೆಲ್ಲ ನಂದೇ ಅನ್ನಿಸ್ತು." ಮದುವೆಯ ಗಲಾಟೆಯಲ್ಲಿ ನೋವು ಮರೆತಿರಬೇಕು ಎಂದುಕೊಂಡು ನಾನು ಆ ಮಾತಿಗೆ ಹೆಚ್ಚು ಬೆಲೆ ಕೊಡಲಿಲ್ಲ.

ನವೆಂಬರಿನ ಒಂದು ಶುಕ್ರವಾರ ಹೋದಾಗ ಅವರ ಮಡಿಲಲ್ಲಿ ಪೇಪರಿನ ಬದಲು ದಪ್ಪ ಹೊಳೆಯುವ ಒಂದು ಪುಸ್ತಕವಿತ್ತು. ಕೊಯಮತ್ತೂರಿನ ಹೊರವಲಯದಲ್ಲಿ ಹಿರಿಯ ನಾಗರಿಕರಿಗೆಂದೇ ಕಟ್ಟಿದ ಬಡಾವಣೆಯ ಚಿತ್ರಗಳು. ಮೆಟ್ಟಿಲುಗಳೇ ಇಲ್ಲದ ಪುಟ್ಟ ಮನೆಗಳು, ಊಟದ ಹಾಲು, ಯಾವ ಹೊತ್ತಿಗೆ ಕರೆದರೂ ಬರುವ ನರ್ಸು. ಹೈಡ್ರೋಥೆರಪಿಗೆಂದು, ಅಂದರೆ ಬೆಚ್ಚಗಿನ ನೀರಿನಲ್ಲಿ ನಿಂತು ವ್ಯಾಯಾಮ ಮಾಡಲೆಂದು, ಒಂದು ಕೊಳವೂ ಇತ್ತು. ಡೆಪಾಸಿಟ್ ಎಷ್ಟೆಂದು ಕೇಳಿದ ಮೇಲೆ ನಾನು ಕಾಫಿ ಲೋಟ ಕೆಳಗಿಟ್ಟೆ.

"ಇಷ್ಟೊಂದಾ ಮಿಸ್?"

"ವಿಮಾನ ನಿಲ್ದಾಣದ ಮಾತೇ ಇಲ್ದಾಗ ದೇವನಹಳ್ಳಿ ಹತ್ರ ಒಂದು ಸೈಟು ತಗೊಂಡಿದ್ದೆ. ಅದನ್ನ ಯಾರಿಗೆ ಇಟ್ಕೊಂಡು ಕೂರಲಿ?" ಎಂದರು. "ನಮ್ಮಮ್ಮನ ಕಡೆಯೋರು ಹೊಸೂರಿನೋರು, ತಮಿಳು ಬರುತ್ತೆ. ಹೋಗೋಣ ಅಂತಿದೀನಿ. ಏನಂತೀಯಾ?"

ಹೊಲಿಗೆ ಯಂತ್ರದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮುಂದಿನ ವಾರ ಅವರ ಅಣ್ಣನ ಮಗ ಮಂಜುನಾಥ ಬಂದ. ಅರಿಶಿನಕುಂಟೆಯಲ್ಲಿ ಹೆದ್ದಾರಿ ಪಕ್ಕ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಳ್ಳೆಯ ಮನುಷ್ಯ. "ಅತ್ತೆ, ನಮ್ಮನೇಲಿ ಕೆಳಗಡೆ ರೂಮು ಖಾಲಿ ಇದೆ. ಪರವೂರಲ್ಲಿ ಯಾರೋ ಗೊತ್ತಿಲ್ದೋರ ಮಧ್ಯೆ ಇರೋದು ಏನು ಬಂದಿದೆ ನಿಮಗೆ?" ಎಂದು ಬೇಡಿಕೊಂಡ. ಮಿಸ್ ಅವನ ತಲೆ ಸವರಿದರು. "ನಿಮ್ಮನೆ ಚೆನ್ನಾಗೇ ಇದೆ ಕಣೋ. ಅರಿಶಿನಕುಂಟೇಲಿ ಚಳಿಗಾಲ ಇರಲ್ವೇನೋ?" ಅವನು ಹೊರಡುವಾಗ ಗೇಟಿನ ಬಳಿ ನನ್ನನ್ನು ಕರೆದು, "ನೀವಾದ್ರೂ ಹೇಳಿ ಮೇಡಂ, ನಿಮ್ಮ ಮಾತು ಕೇಳ್ತಾರೆ" ಎಂದ. ನನಗೂ ಅದೇ ಬೇಕಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಅಷ್ಟರಲ್ಲಿ ಆ ಬಡಾವಣೆಯಿಂದ ಒಂದು ಫಾರಂ ಬಂತು. ಸೇರಲಿರುವವರ ಕ್ಷಮತೆಯ ವರದಿಯನ್ನು ಅವರ ಫಿಸಿಯೋಥೆರಪಿಸ್ಟ್ ಬರೆದು ಸಹಿ ಮಾಡಬೇಕು. ಅಲ್ಲಿ ಎರಡು ವಿಭಾಗಗಳಿದ್ದವು. ಒಂದು ಇಂಡಿಪೆಂಡೆಂಟ್ ಲಿವಿಂಗ್, ಅಂದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲವರ ಸ್ವತಂತ್ರ ಮನೆಗಳು. ಇನ್ನೊಂದು ಅಸಿಸ್ಟೆಡ್ ಲಿವಿಂಗ್. ಅಲ್ಲಿ ಸ್ನಾನ, ಉಡುಗೆ, ಊಟಕ್ಕೆಲ್ಲ ಸಹಾಯಕರಿರುತ್ತಾರೆ. ಮಿಸ್ ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ಸ್ವಂತ ಮನೆ ಕೊಟ್ರೆ ಹೋಗ್ತೀನಿ. ಯಾರೋ ನೀರು ಹಾಕೋ ಕಡೆ ನಾನು ಹೋಗಲ್ಲ."

ಫಾರಮ್ಮಿನ ಮೊದಲ ಪುಟದಲ್ಲೇ ಇದ್ದುದು 'ಟೈಮ್ಡ್ ಅಪ್ ಅಂಡ್ ಗೋ' ಎಂಬ ಪರೀಕ್ಷೆ. ಸರಳವಾದದ್ದು. ರೋಗಿ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. ನಾವು ಸ್ಟಾಪ್‌ವಾಚ್ ಹಿಡಿದು ನೋಡುತ್ತೇವೆ. ಹನ್ನೆರಡು ಸೆಕೆಂಡಿನ ಆಸುಪಾಸಿನಲ್ಲಿ ಮುಗಿದರೆ ಚಿಂತೆಯಿಲ್ಲ. ಅದನ್ನು ಮೀರಿದಷ್ಟೂ ಬೀಳುವ ಅಪಾಯ ಹೆಚ್ಚು. ಮಿಸ್ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಇದನ್ನು ಸಲೀಸಾಗಿ ಮುಗಿಸುತ್ತಾರೆಂದು ನನಗೆ ಗೊತ್ತಿತ್ತು.

ಆಗ ನನ್ನ ತಲೆಗೆ ಆ ಯೋಚನೆ ಬಂತು. ಪರೀಕ್ಷೆಯನ್ನು ಯಾವ ಹೊತ್ತಿನಲ್ಲಿ ಮಾಡಬೇಕೆಂದು ಫಾರಮ್ಮಿನಲ್ಲಿ ಎಲ್ಲೂ ಬರೆದಿರಲಿಲ್ಲ. ಡಿಸೆಂಬರಿನ ಬೆಳಗಿನ ಜಾವ, ಕೀಲು ಬಿಗಿದಿರುವ ಆ ಹತ್ತು ನಿಮಿಷದಲ್ಲಿ ಮಾಡಿದರೆ ನಾಲ್ಕೈದು ಸೆಕೆಂಡು ಹೆಚ್ಚಾಗುತ್ತದೆ. ಸ್ವತಂತ್ರ ಮನೆ ಸಿಗುವುದಿಲ್ಲ. ಮಿಸ್ ಹೋಗುವುದಿಲ್ಲ. ಅಂಕಿಯೂ ಸುಳ್ಳಲ್ಲ. ನನ್ನ ಇಡೀ ವೃತ್ತಿಯಲ್ಲಿ ಇಷ್ಟು ಜಾಣತನದ ತಪ್ಪನ್ನು ನಾನು ಯೋಚಿಸಿದ್ದು ಅದೊಂದೇ ಸಲ.

ಮೊದಲೇ ತಿಳಿಸದೆ, ಬೆಳಿಗ್ಗೆ ಆರೂವರೆಗೆ ಹೋದೆ. ಬೀದಿಯಲ್ಲಿ ಇಬ್ಬನಿ ದಟ್ಟವಾಗಿತ್ತು. ಸ್ಕೂಟರಿನ ಹ್ಯಾಂಡಲ್ ಹಿಡಿದ ನನ್ನ ಕೈಗಳೇ ಮರಗಟ್ಟಿದ್ದವು. ಬಾಗಿಲು ತೆರೆದದ್ದು ನೂರ್‌ಜಾನಕ್ಕ. ಕೈಯಲ್ಲಿ ಬಾಚಣಿಗೆ. ನನ್ನನ್ನು ನೋಡಿ ಅವರ ಮುಖ ಬಿಳಿಚಿಕೊಂಡಿತು.

"ಈಗ್ಯಾಕೆ ಬಂದ್ರಿ?" ಎಂದರು ಮೆಲ್ಲಗೆ. "ಆಪಾ ಇನ್ನೂ ರೆಡಿ ಆಗಿಲ್ಲ."

ನಾನು ಒಳಗೆ ಹೋದೆ. ಮಿಸ್ ಮಂಚದ ಅಂಚಿನಲ್ಲಿ ಕೂತಿದ್ದರು. ಎರಡೂ ಕೈಗಳು ತೊಡೆಯ ಮೇಲಿದ್ದವು. ಬೆರಳುಗಳು ಅರ್ಧ ಮುಚ್ಚಿ ಗಟ್ಟಿಯಾಗಿದ್ದವು. ರವಿಕೆಯ ಹುಕ್ಕುಗಳನ್ನು ಹಾಕಿರಲಿಲ್ಲ, ಮೇಲೆ ಒಂದು ಟವೆಲ್ ಹೊದಿಸಿತ್ತು. ಪಕ್ಕದಲ್ಲಿ ಬಿಸಿನೀರಿನ ಬೋಗುಣಿ, ಅದರಲ್ಲಿ ಅದ್ದಿದ ಬಟ್ಟೆ. ಸ್ಟೂಲಿನ ಮೇಲೆ ಕಾಫಿ ಲೋಟ, ಲೋಟದಲ್ಲಿ ಸ್ಟ್ರಾ. ಹದಿನೈದು ಹುಡುಗಿಯರನ್ನು ಒಂದೇ ಕೂಗಿಗೆ ಸಾಲಿನಲ್ಲಿ ನಿಲ್ಲಿಸುತ್ತಿದ್ದ ಹೆಂಗಸು ನನ್ನನ್ನು ನೋಡಿ ಟವೆಲನ್ನು ಮೇಲಕ್ಕೆ ಎಳೆದುಕೊಳ್ಳಲು ನೋಡಿದರು. ಬೆರಳುಗಳು ಬಟ್ಟೆಯನ್ನು ಹಿಡಿಯಲಿಲ್ಲ. ನೂರ್‌ಜಾನಕ್ಕ ಬಂದು ಎಳೆದು ಸರಿಮಾಡಿದರು. ನನ್ನ ಕಡೆಗೆ ಬೆನ್ನು ಮಾಡಿ ನಿಂತು ಒಂದೊಂದೇ ಹುಕ್ಕು ಹಾಕಿದರು. ದಿನವೂ ಮಾಡುವವರ ಕೈಗೆ ಮಾತ್ರ ಬರುವ ವೇಗ ಅದು.

ನಾನು ಅಲ್ಲಿಂದ ಎದ್ದು ಬರಬೇಕಿತ್ತು. ಆದರೂ ಸ್ಟಾಪ್‌ವಾಚ್ ತೆಗೆದೆ. ಯಾಕೆ ತೆಗೆದೆನೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಬಂದ ಕೆಲಸವನ್ನು ಮಾಡಿ ಮುಗಿಸುವ ಅಭ್ಯಾಸವೇ ಇರಬೇಕು. ಮಿಸ್ ಕುರ್ಚಿಗೆ ಬಂದು ಕೂತರು, ಎದ್ದರು, ಗೋಡೆ ಹಿಡಿದು ನಡೆದರು, ತಿರುಗುವಾಗ ಒಮ್ಮೆ ನಿಂತರು, ಬಂದು ಕೂತರು. ಇಪ್ಪತ್ತನಾಲ್ಕು ಸೆಕೆಂಡು.

"ಎಷ್ಟಾಯ್ತು?" ಎಂದರು.

ಹೇಳಿದೆ.

"ಯಾವತ್ತೂ ಹನ್ನೊಂದಕ್ಕೆ ಬರೋಳು ಇವತ್ತು ಯಾಕೆ ಈ ಹೊತ್ತಿಗೆ ಬಂದೆ?"

"ರಿಪೋರ್ಟ್ ಸರಿಯಾಗಿರ್ಬೇಕಲ್ಲ ಮಿಸ್."

ಅವರು ನನ್ನನ್ನು ನೋಡಿದರು. ಮೂವತ್ತೇಳು ವರ್ಷದಿಂದ ನನ್ನನ್ನು ಬಲ್ಲ ಕಣ್ಣುಗಳು ಅವು. "ನಾನು ಹೋಗ್ಬಾರ್ದು ಅಂತಿದ್ರೆ ನೀನು ಬಾಯ್ಬಿಟ್ಟು ಹೇಳು ಪದ್ಮಾ. ಗಡಿಯಾರದ ಕೈಲಿ ಹೇಳಿಸ್ಬೇಡ."

ನನಗೆ ತಡೆಯಲಾಗಲಿಲ್ಲ. ಅವರ ಕಾಲ ಬಳಿ ನೆಲದ ಮೇಲೆ ಕೂತು, "ಹೋಗ್ಬೇಡಿ ಮಿಸ್" ಎಂದು ಅತ್ತುಬಿಟ್ಟೆ. ಐವತ್ತೆರಡು ವರ್ಷದವಳು. ಅವರು ಮಡಚಲಾಗದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟರು.

"ಈಗ ಸರಿ. ಇದನ್ನ ಕೇಳಿಸ್ಕೊಂಡೆ. ಆದ್ರೆ ಇದನ್ನ ಫಾರಮ್ಮಲ್ಲಿ ಬರೀಬೇಡ."

ಹೊರಗೆ ಬಂದಾಗ ನೂರ್‌ಜಾನಕ್ಕ ಗೇಟಿನವರೆಗೂ ಬಂದರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಎರಡು ಚಳಿಗಾಲ ಎಂದರು. ಕೈ ಸಡಿಲವಾಗಲು ಎರಡು ಗಂಟೆ ಬೇಕು. ದಿನವೂ ಬೆಳಿಗ್ಗೆ ಎಬ್ಬಿಸಿ, ನಾನು ಬರುವ ಹನ್ನೊಂದಕ್ಕೆ ಮುಂಚೆಯೇ ಎಲ್ಲ ಸಿದ್ಧ ಮಾಡಿಬಿಡುತ್ತಿದ್ದರಂತೆ. ಫೈಲಿನಲ್ಲಿ ನಾನು ಬರೆದ ಹತ್ತು ನಿಮಿಷಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ ಅಕ್ಕಾ?"

"ಆಪಾ ಆಣೆ ಹಾಕಿಸ್ಕೊಂಡಿದ್ರು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇನ್ನೊಂದು ಹೇಳ್ತೀನಿ. ಆ ಕೊಯಮತ್ತೂರಿನೋರಿಗೆ ಫೋನ್ ಮಾಡಿ ಪುಸ್ತಕ ತರಿಸಿದ್ದು ಆಪಾ ಅಲ್ಲ. ನಾನು."

"ನೀವಾ?" ಎಂದೆ.

"ಮದುವೆಗೆ ಹೋಗಿ ಬಂದಾಗ ಅವರ ಕೈ ನೋಡಿದೆ ಕಣಮ್ಮ. ಈಗ ನಂಗೂ ಮೊಣಕಾಲು ಶುರುವಾಗಿದೆ. ಇಳಿಯೋವಾಗ ಕಟಕಟ ಅನ್ನುತ್ತೆ. ನಾಳೆ ನನ್ನ ಕೈಲಿ ಆಗ್ದೇ ಹೋದ್ರೆ ನಾನೂ ಹೇಳಲ್ಲ, ಆಪಾನೂ ಹೇಳಲ್ಲ. ಇಬ್ರೂ ಬಾಯಿ ಮುಚ್ಕೊಂಡು ಒಂದಿನ ಇಬ್ರೂ ಬೀಳ್ತೀವಿ. ಅದಕ್ಕೇ."

ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಹೋಗಿ ಅದೇ ಪರೀಕ್ಷೆ ಮಾಡಿದೆ. ಹನ್ನೆರಡು ಸೆಕೆಂಡು. ಎರಡೂ ಅಂಕಿಗಳನ್ನು ಹೊತ್ತಿನ ಸಮೇತ ಬರೆದೆ. ಬೆಳಿಗ್ಗೆ ಎದ್ದ ಮೇಲಿನ ಎರಡು ಗಂಟೆ ಕಾಲ ಉಡುಗೆಗೆ, ತಲೆ ಬಾಚಲು ಇನ್ನೊಬ್ಬರ ನೆರವು ಬೇಕು, ಉಳಿದ ಹೊತ್ತು ಪೂರ್ಣ ಸ್ವತಂತ್ರರು ಎಂದೂ ಬರೆದೆ. ಸಹಿ ಮಾಡುವ ಮುನ್ನ ಮಿಸ್‌ಗೆ ಓದಿ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು. "ಆ ಮನೆ ಸಿಗಲ್ಲ ಹಾಗಾದ್ರೆ" ಎಂದರು. ಆಮೇಲೆ, "ಬರೀಲೇಬೇಕಿತ್ತು. ಸಹಿ ಹಾಕು" ಎಂದರು.

ಅವರು ಹೇಳಿದಂತೆಯೇ ಆಯಿತು. ನಾಲ್ಕನೆಯ ದಿನ ಆ ಬಡಾವಣೆಯ ಮೇಲ್ವಿಚಾರಕಿ ನನಗೆ ಫೋನ್ ಮಾಡಿದರು. ಉಡುಗೆಗೆ ನೆರವು ಬೇಕಾದವರು ನಿಯಮದ ಪ್ರಕಾರ ಅಸಿಸ್ಟೆಡ್ ವಿಭಾಗಕ್ಕೇ ಹೋಗಬೇಕು ಎಂದರು. ಈ ಸಲ ನಾನು ಮಿಸ್ ಪರವಾಗಿ ವಾದ ಮಾಡಿದೆ. ಬಿಗಿತ ಇಲ್ಲಿಯ ಚಳಿಯಲ್ಲಿ ಹೆಚ್ಚಾಗಿದೆ, ನಿಮ್ಮಲ್ಲಿ ಹೇಗಿರುತ್ತದೋ ನೋಡೋಣ, ಒಂದು ತಿಂಗಳು ಪ್ರಯೋಗಕ್ಕೆ ಸ್ವತಂತ್ರ ಮನೆಯಲ್ಲೇ ಇರಿಸಿಕೊಳ್ಳಿ, ಬೆಳಗಿನ ಹೊತ್ತಿಗೆ ಮಾತ್ರ ಒಬ್ಬ ಸಹಾಯಕಿಯನ್ನು ಕೊಡಿ, ತಿಂಗಳ ಕೊನೆಗೆ ನಾನೇ ಬಂದು ಬೆಳಿಗ್ಗೆ ಆರೂವರೆಗೆ ಮತ್ತೆ ಪರೀಕ್ಷೆ ಮಾಡುತ್ತೇನೆ ಎಂದೆ. ಅವರು ಒಂದು ದಿನ ಸಮಯ ಕೇಳಿ, ಮರುದಿನ ಒಪ್ಪಿದರು. ಬೆಂಗಳೂರಿನಲ್ಲಿ ಮಿಸ್ ತೋರಿಸಿಕೊಳ್ಳುತ್ತಿದ್ದ ಕೀಲುರೋಗ ತಜ್ಞರನ್ನೂ ಕೇಳಿದೆ. "ಹವೆಯಿಂದ ಕಾಯಿಲೆ ವಾಸಿಯಾಗಲ್ಲ, ಆ ಭ್ರಮೆ ಬೇಡ. ಆದರೆ ಬಿಗಿತ ಕಡಿಮೆಯಾದರೂ ಆಗಬಹುದು. ನೋಡಿ" ಎಂದರು.

ಜನವರಿ ಮೊದಲ ವಾರ ಮಂಜುನಾಥನೇ ಮುಖ ಊದಿಸಿಕೊಂಡು ಮಿಸ್ ಅವರನ್ನು ಕಾರಿನಲ್ಲಿ ಬಿಟ್ಟು ಬಂದ. ಮೊದಲ ಒಂದು ವಾರ ಸುದ್ದಿಯೇನೂ ಚೆನ್ನಾಗಿರಲಿಲ್ಲ. ಸಹಾಯಕಿ ತಲೆ ಬಾಚುವಾಗ ಕೂದಲು ಎಳೆಯುತ್ತಾಳೆ, ಸಾಂಬಾರಿಗೆ ಬೆಲ್ಲ ಹಾಕುವುದಿಲ್ಲ, ಹೀಗೇ.

ಹನ್ನೊಂದನೆಯ ದಿನ ಬೆಳಿಗ್ಗೆ ಏಳಕ್ಕೆ ನೂರ್‌ಜಾನಕ್ಕನ ಫೋನಿಗೆ ವಿಡಿಯೋ ಕರೆ ಬಂತಂತೆ. ಮಿಸ್ ಫೋನನ್ನು ಮೇಜಿನ ಮೇಲೆ ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರಂತೆ. ಸೀರೆ ಉಟ್ಟಿದ್ದರು. ನೆರಿಗೆ ಸ್ವಲ್ಪ ಅಂಕುಡೊಂಕು.

"ಯಾರು ಉಡಿಸಿದ್ರು ಆಪಾ?"

"ಯಾರೂ ಇಲ್ಲ ಕಣೇ ನೂರಿ. ಅವಳನ್ನ ಇವತ್ತು ಬರ್ಬೇಡ ಅಂದೆ."

ಆ ದಿನ ಕೈಯಲ್ಲಿದ್ದ ಹೊಲಿಗೆಯನ್ನೆಲ್ಲ ಪಕ್ಕಕ್ಕಿಟ್ಟು ಸುಮ್ಮನೆ ಕೂತುಬಿಟ್ಟೆ ಎಂದು ನೂರ್‌ಜಾನಕ್ಕ ಆಮೇಲೆ ನನ್ನ ಬಳಿ ಹೇಳಿದರು.

ತಿಂಗಳ ಕೊನೆಗೆ ನಾನು ಹೋದೆ. ಬೆಳಿಗ್ಗೆ ಆರೂವರೆಗೆ, ಅವರ ಮನೆಯ ಹಜಾರದಲ್ಲಿ, ಅದೇ ಸ್ಟಾಪ್‌ವಾಚ್ ಹಿಡಿದು ಪರೀಕ್ಷೆ ಮಾಡಿದೆ. ಹದಿನಾಲ್ಕು ಸೆಕೆಂಡು. ಹನ್ನೆರಡಕ್ಕೆ ಇಳಿದಿರಲಿಲ್ಲ. ಆದರೆ ಗೋಡೆ ಹಿಡಿಯಲಿಲ್ಲ, ತಿರುಗುವಾಗ ನಿಲ್ಲಲಿಲ್ಲ. ಬೆಳಗಿನ ಬಿಗಿತ ಎಷ್ಟು ಹೊತ್ತು ಎಂದು ಈ ಸಲ ಅವರನ್ನು ಕೇಳಲಿಲ್ಲ. ಗಡಿಯಾರ ನೋಡುತ್ತ ಪಕ್ಕದಲ್ಲೇ ಕೂತೆ. ಮೂವತ್ತೈದು ನಿಮಿಷ. ಇದು ಹವೆಯ ಗುಣವೋ, ಬೆಚ್ಚಗಿನ ಕೊಳದ್ದೋ, ಅಲ್ಲಿಯ ಡಾಕ್ಟರು ಬದಲಾಯಿಸಿದ ಮಾತ್ರೆಯದ್ದೋ ನಾನು ಹೇಳಲಾರೆ. ಮೂರೂ ಸೇರಿರಬೇಕು. ಮೇಲ್ವಿಚಾರಕಿ ರಿಪೋರ್ಟು ನೋಡಿ, ಮೇಡಂ ಈ ಮನೆಯಲ್ಲೇ ಇರಬಹುದು ಎಂದರು.

ಮಿಸ್ ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ಬಿಸಿಲು ಆಗಲೇ ಚುರುಕಾಗಿತ್ತು.

"ಇಲ್ಲಿ ಎಲ್ಲಾ ಚೆನ್ನಾಗಿದೆ ಕಣೇ" ಎಂದರು. "ಎಲ್ರೂ ಮೇಡಂ ಮೇಡಂ ಅಂತಾರೆ. ನನ್ನ ಬೈಯೋರು ಒಬ್ರೂ ಇಲ್ಲ."

ಆಮೇಲೆ ತಮ್ಮ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಕೈ ಬೇಕೋ ನೂರಿ ಬೇಕೋ ಅಂದ್ರೆ ನಾನು ಏನು ಹೇಳ್ಲಿ?"

ನಿರ್ಧಾರ ತೆಗೆದುಕೊಳ್ಳುವ ಮೊದಲು ಒಮ್ಮೆ ಊರಿಗೆ ಬಂದರು. ಆ ಸಂಜೆ ನಾನೂ ಅಲ್ಲಿದ್ದೆ. ಮಿಸ್ ಬಂದವರೇ ನೂರ್‌ಜಾನಕ್ಕನ ಮುಂದೆ ಮಾತಿಟ್ಟರು. ಆ ಮನೆಯಲ್ಲಿ ಇಬ್ಬರು ಇರಬಹುದು, ಕೇಳಿಕೊಂಡು ಬಂದಿದ್ದೇನೆ, ನೀನೂ ಬಾ ಎಂದು. ನೂರ್‌ಜಾನಕ್ಕ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ನಾನು ಬರಲ್ಲ ಆಪಾ. ನಾನು ಬಂದ್ರೆ ಅಲ್ಲೂ ನಿಮ್ಮ ತಲೆ ಬಾಚೋಳಾಗ್ತೀನಿ. ಇಲ್ಲಿ ನಾನು ಟೈಲರು. ಬೀದಿ ತುಂಬ ನನ್ನ ಹೆಸರು ಕೂಗೋರಿದ್ದಾರೆ. ಹೊಸಕೋಟೇಲಿ ಮಗಳಿಗೆ ಈಗ ಆರು ತಿಂಗಳು."

"ಹಾಗಾದ್ರೆ ನಾನೂ ಹೋಗಲ್ಲ."

"ಹೋಗ್ತೀರಿ." ನೂರ್‌ಜಾನಕ್ಕನ ದನಿ ಏರಿತು. ಮಿಸ್ ಮೇಲೆ ಅವರು ಆ ಥರ ಕೂಗಿದ್ದನ್ನು ನಾನು ಮೊದಲ ಸಲ ಕೇಳಿದೆ. "ಎರಡು ಚಳಿಗಾಲ ದಿನಾ ಬೆಳಿಗ್ಗೆ ನಿಮ್ಮ ಬೆರಳು ಬಿಡಿಸಿದೀನಿ. ನೀವು ಹಲ್ಲು ಕಚ್ಕೊಂಡು ಸುಮ್ನೆ ಇರ್ತಿದ್ರಿ. ಅದನ್ನ ನೋಡಿದ್ದು ನಾನು, ನೀವಲ್ಲ. ಇನ್ನೊಂದು ಚಳಿಗಾಲ ನನ್ನ ಕೈಲಿ ನೋಡಕ್ಕಾಗಲ್ಲ ಆಪಾ. ನನಗೋಸ್ಕರ ಹೋಗಿ."

ಕೊನೆಗೆ ಮಿಸ್, "ಬೇಸಿಗೇಲಿ ಬರ್ತೀನಿ. ಏಪ್ರಿಲ್, ಮೇ. ಆಗ ಅಲ್ಲಿ ಬೇಯುತ್ತೆ, ಇಲ್ಲಿ ಹಿತವಾಗಿರುತ್ತೆ" ಎಂದರು. "ಬನ್ನಿ" ಎಂದು ನೂರ್‌ಜಾನಕ್ಕ ಮತ್ತೆ ಸೂಜಿ ಎತ್ತಿಕೊಂಡರು. ದಾರ ಪೋಣಿಸಲು ಕಣ್ಣು ಮಂಜಾಗಿತ್ತು. ನಾನು ಇಸಿದುಕೊಂಡು ಪೋಣಿಸಿ ಕೊಟ್ಟೆ.

ಫೆಬ್ರವರಿಯಲ್ಲಿ ಮಿಸ್ ಹೋದರು. ಮನೆಯನ್ನು ಯಾರಿಗೂ ಬಾಡಿಗೆಗೆ ಕೊಡಲಿಲ್ಲ. ಕೆಳಮನೆಯ ಬೀಗದ ಕೈ ನೂರ್‌ಜಾನಕ್ಕನ ಬಳಿಯೇ ಉಳಿಯಿತು. ಮೊಣಕಾಲು ನೋವಿಗೆ ಮಹಡಿ ಹತ್ತುವುದು ಬೇಡವೆಂದು ನಾನು ಗದರಿದ ಮೇಲೆ ಅವರು ಕೆಳಗೇ ಇರತೊಡಗಿದರು. ಈಗ ನಾನು ಮಂಗಳವಾರ ಅವರ ಮೊಣಕಾಲಿಗೆ ವ್ಯಾಯಾಮ ಮಾಡಿಸಲು ಹೋಗುತ್ತೇನೆ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಪ್ರತಿ ಏಪ್ರಿಲ್‌ನಲ್ಲಿ ಮಿಸ್ ಬರುತ್ತಾರೆ, ಜೂನ್ ಮಳೆಗೆ ಮುಂಚೆ ಹೋಗುತ್ತಾರೆ. ಕಾಯಿಲೆ ಇದೆ, ಇರುತ್ತದೆ. ಹೋದ ಸಲ ಬಂದಾಗ ಬಲಗೈಯ ಎರಡು ಬೆರಳು ಇನ್ನಷ್ಟು ವಾರೆಯಾಗಿದ್ದವು. ಆದರೂ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ವರಾಂಡದಲ್ಲಿ ಕೂತು, ಆ ಬಡಾವಣೆಯಲ್ಲಿ ಯಾರೋ ನಿವೃತ್ತ ಅಧಿಕಾರಿ ಮಿಸ್ ಜೊತೆ ಕೇರಂನಲ್ಲಿ ಮೋಸ ಮಾಡುತ್ತಾನೆಂಬ ವಿಷಯಕ್ಕೆ ಜೋರಾಗಿ ಜಗಳವಾಡುತ್ತಿದ್ದರು. ಮೋಸ ಮಾಡುವವನ ಜೊತೆ ಆಡುವುದೇಕೆ ಎಂದು ನೂರ್‌ಜಾನಕ್ಕ, ಸೋಲಿಸುವುದಕ್ಕೆ ಎಂದು ಮಿಸ್.

ಈ ಪ್ರಕರಣ ನನ್ನ ಕೆಲಸದ ಕ್ರಮವನ್ನೇ ಬದಲಾಯಿಸಿತು. ಅಂದಿನಿಂದ ಹೊಸ ರೋಗಿಯ ಮನೆಗೆ ಮೊದಲ ಸಲ ನನಗೆ ಅನುಕೂಲವಾದ ಹೊತ್ತಿಗೆ ಹೋಗುವುದಿಲ್ಲ. ಅವರಿಗೆ ಅತಿ ಕಷ್ಟದ ಹೊತ್ತು ಯಾವುದೋ ಆಗ ಹೋಗುತ್ತೇನೆ, ಕೇಳಿ, ಒಪ್ಪಿಗೆ ಪಡೆದು. ನನ್ನ ಕೈಕೆಳಗೆ ಕಲಿಯಲು ಬರುವವರಿಗೂ ಅದನ್ನೇ ಹೇಳುತ್ತೇನೆ. ರೋಗಿ ತನ್ನ ನೋವನ್ನು ಕಡಿಮೆ ಮಾಡಿ ಹೇಳುತ್ತಾನೆ, ಮಾನಕ್ಕೋ ಪ್ರೀತಿಗೋ. ಅವನ ಪಕ್ಕದಲ್ಲಿ ಇನ್ನೊಬ್ಬರು ಆ ನೋವಿನ ಅರ್ಧವನ್ನು ಹೊತ್ತು ನಿಂತಿರುತ್ತಾರೆ. ನಮ್ಮ ಫಾರಮ್ಮುಗಳಲ್ಲಿ ಅವರ ಹೆಸರು ಬರೆಯಲು ಜಾಗವಿಲ್ಲ. ನಾನು ಮಾತ್ರ ಪುಟದ ಕೊನೆಯಲ್ಲಿ, ಸಹಿಗಿಂತ ಮೇಲೆ, ಪೆನ್ಸಿಲಿನಲ್ಲಾದರೂ ಅದನ್ನು ಬರೆದೇ ಮುಂದೆ ಹೋಗುತ್ತೇನೆ.